ಕಾಲ ತಿರುಗಿಸುವವರು ಲೆಕ್ಕ ಕೊಡಲಿ

ಧಾರಾವಾಹಿಗಳಲ್ಲಿ ಕಾಲಯಾನ, ಪುನರ್ಜನ್ಮ, ಇನ್ನೊಂದು ಲೋಕ ಎಂದರೆ ನಮ್ಮ ವಿಚಾರವಂತರು ಮೂಗು ಮುರಿಯುತ್ತಾರೆ. ಹಳ್ಳಿಯ ಜನ, ಅದರಲ್ಲೂ ಹೆಂಗಸರು, ಇದನ್ನೆಲ್ಲ ನಿಜವೆಂದು ನಂಬಿ ಹಾಳಾಗುತ್ತಿದ್ದಾರೆ ಎಂಬುದು ಅವರ ಕಳವಳ. ಸಾಸ್ವೆಹಳ್ಳಿಯಂಥ ಊರಿನಲ್ಲಿ ಕುಳಿತು ಟಿವಿ ನೋಡುವ ನಮಗೆ ಈ ಕಳವಳ ಅನಗತ್ಯವೆಂದೇ ತೋರುತ್ತದೆ. 2016ರಲ್ಲಿ ಝೀ ಕನ್ನಡದಲ್ಲಿ ‘ನಾಗಿಣಿ’ ಶುರುವಾದಾಗ ನಾಯಕಿ ಹಾವಾಗುವುದನ್ನು ನಮ್ಮ ಮನೆಗಳಲ್ಲೂ ನೋಡಿದರು. ಮುಗಿದ ಮೇಲೆ ಎದ್ದು ಹೋಗಿ ಅನ್ನಕ್ಕೆ ಎಸರಿಟ್ಟರು. ಹಿತ್ತಲಲ್ಲಿ ಹಾವು ಕಂಡರೆ ಕೋಲು ಹುಡುಕಿದರೇ ವಿನಾ ಅದು ಯಾರ ಮನೆಯ ಸೊಸೆ ಎಂದು ಯಾರೂ ಕೇಳಲಿಲ್ಲ.

ಎರಡು ಲೋಕಗಳಲ್ಲಿ ಕಾಲಿಟ್ಟು ಬದುಕುವುದು ಈ ಸೀಮೆಯವರಿಗೆ ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರಿನಡಿ ಸ್ವರ್ಗಾವತಿ ಎಂಬ ಪಟ್ಟಣವಿತ್ತು, ಶಾಂತವ್ವ ಕಟ್ಟಿಸಿದ ಕೆರೆ ಅದನ್ನು ಮುಳುಗಿಸಿತು ಎಂಬ ಕತೆ ಜನರ ಬಾಯಲ್ಲಿದೆ. ಆ ಕತೆ ಹೇಳುವ ಬಾಯಿಯೇ ಮರುಗಳಿಗೆಯಲ್ಲಿ ನಾಲೆಗೆ ನೀರು ಎಂದು ಬಿಡುತ್ತಾರೆಂದೂ ಕೇಳುತ್ತದೆ. ಕತೆ ಕತೆಯ ಜಾಗದಲ್ಲಿ, ನೀರು ನೀರಿನ ಜಾಗದಲ್ಲಿ.

ಹಳೆಯ ಕತೆಗಳಿಗೆ ಒಂದು ಲೆಕ್ಕವಿತ್ತು. ಬ್ರಹ್ಮಲೋಕಕ್ಕೆ ಹೋಗಿ ಬಂದ ರೈವತ ರಾಜನಿಗೆ ತನ್ನ ಕಾಲದ ಒಬ್ಬರೂ ಭೂಮಿಯ ಮೇಲೆ ಉಳಿದಿರಲಿಲ್ಲ. ಗುಹೆಯಲ್ಲಿ ಮಲಗಿ ಮುನ್ನೂರು ವರ್ಷಗಳ ನಂತರ ಎದ್ದ ‘ಅಸ್‌ಹಾಬೆ ಕಹಫ್’ ಯುವಕರು ರೊಟ್ಟಿ ತರಲು ಪೇಟೆಗೆ ಹೋದಾಗ ಅವರ ಕೈಯಲ್ಲಿದ್ದ ನಾಣ್ಯವೇ ಗುಟ್ಟು ಬಿಟ್ಟುಕೊಟ್ಟಿತು ಎಂದು ಕತೆ ಹೇಳುತ್ತಾರೆ. ಕಾಲ ದಾಟಿದವನು ಬೆಲೆ ತೆರಲೇಬೇಕು. ಹೊರದೇಶದ ಒಳ್ಳೆಯ ಧಾರಾವಾಹಿಗಳೂ ಈ ನಿಯಮ ಬಿಟ್ಟಿಲ್ಲ. ಜರ್ಮನಿಯ ‘ಡಾರ್ಕ್’ (2017-2020) ಧಾರಾವಾಹಿಯಲ್ಲಿ ಹಿಂದಿನದನ್ನು ತಿದ್ದಲು ಹೋದವರೆಲ್ಲ ಅದೇ ಗಂಟಿಗೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತಾರೆ. ಅಮೆರಿಕದ ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ (2015-2019) ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಗೆದ್ದಿದ್ದರೆ ಎಂಬ ಕಲ್ಪನೆಯ ಮೇಲೆ ನಿಂತಿದೆ. ಅದು ಸುಳ್ಳೆಂದು ಮಾಡಿದವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಇಬ್ಬರ ನಡುವೆ ವಂಚನೆಯಿಲ್ಲ.

ವಂಚನೆ ಇರುವುದು ಬೇರೆ ಕಡೆ. ನಮ್ಮ ದೇಶದ ಟಿವಿಯಲ್ಲಿ ಪರ್ಯಾಯ ಲೋಕ ಕಟ್ಟುವ ಕೆಲಸ ‘ಐತಿಹಾಸಿಕ’ ಎಂಬ ಹಲಗೆ ಹಾಕಿಕೊಂಡು ನಡೆಯುತ್ತಿದೆ. ದಖ್ಖನಿನ ಕತೆ ಬಂತೆಂದರೆ ಪರದೆ ಎರಡಾಗಿ ಸೀಳುತ್ತದೆ. ಒಂದು ಕಡೆ ದೀಪ, ಆರತಿ, ತಾಯಿಯ ಕಣ್ಣೀರು. ಇನ್ನೊಂದು ಕಡೆ ಕಣ್ಣಿಗೆ ಕಾಡಿಗೆ ಬಳಿದು ಮಾಂಸ ಕಚ್ಚುತ್ತಾ ಗಹಗಹಿಸುವ ಸುಲ್ತಾನ.

ಹಾಗೆ ಸೀಳಿದ ದಖ್ಖನ್ ಎಲ್ಲಿತ್ತು? ನಮ್ಮ ಚನ್ನಗಿರಿಯ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಷಹಜಿಯ ಸಮಾಧಿ ಇದೆ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡಾಗ ಆತ ಬಿಜಾಪುರದ ಆದಿಲ್‌ಶಾಹಿಯ ಸರದಾರ. ಅಹಮದ್‌ನಗರದ ಪೀರ್ ಷಾ ಷರೀಫರ ಹೆಸರನ್ನೇ ಒಡೆದು ಅಣ್ಣನಿಗೆ ಷಹಜಿ, ತಮ್ಮನಿಗೆ ಷರೀಫ್‌ಜಿ ಎಂದು ಇಟ್ಟರೆಂಬುದು ಪ್ರಸಿದ್ಧ ಮಾತು. 1638ರಲ್ಲಿ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಿತ್ತುಕೊಂಡ ದಂಡಿನಲ್ಲಿ ರಣದುಲ್ಲಾ ಖಾನನ ಜೊತೆಗಿದ್ದವನು ಇದೇ ಷಹಜಿ. ಅದೇ ರಣದುಲ್ಲಾ ಖಾನನ ಹೆಸರು ಸಂತೇಬೆನ್ನೂರಿನ ಮುಸಾಫಿರ್‌ಖಾನೆಗೂ ಅಂಟಿಕೊಂಡಿದೆ. ಎದುರಿಗೇ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ಅಲ್ಲಿದ್ದ ರಂಗನಾಥನ ಗುಡಿಯನ್ನು ಖಾನನ ಸೈನ್ಯ ಕೆಡವಿತು ಎಂದೂ ಸ್ಥಳೀಯರು ಹೇಳುತ್ತಾರೆ. ಅದನ್ನು ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ಗುಡಿ ಕೆಡವಿದ್ದನ್ನೂ ತೋರಿಸಿ, ಕೂಡಿ ದಂಡೆತ್ತಿದ್ದನ್ನೂ ತೋರಿಸಿ. ಒಂದನ್ನಷ್ಟೇ ಇಟ್ಟುಕೊಂಡು ಇನ್ನೊಂದನ್ನು ಅಳಿಸಿದಾಗ ಚರಿತ್ರೆ ಹೋಗಿ ಹೊಸ ಲೋಕವೊಂದು ಹುಟ್ಟುತ್ತದೆ. ನಾಗಿಣಿಯನ್ನು ನಂಬದ ಜನ ಇದನ್ನು ನಂಬುತ್ತಾರೆ. ಇದಕ್ಕೆ ದಿನಾಂಕವಿದೆ, ಕೋಟೆಯಿದೆ, ನಿಜವಾದ ಹೆಸರುಗಳಿವೆ.

1990ರಲ್ಲಿ ದೂರದರ್ಶನದಲ್ಲಿ ಸಂಜಯ್ ಖಾನರ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಬಂತು. ಅದರ ಚಿತ್ರೀಕರಣದ ವೇಳೆ 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋಕ್ಕೆ ಬೆಂಕಿ ಬಿದ್ದು 62 ಜನ ಸತ್ತಿದ್ದರು. ವಿವಾದ ನ್ಯಾಯಾಲಯದವರೆಗೆ ಹೋಗಿ, ಇದು ಕಲ್ಪಿತ ಕತೆ ಎಂಬ ಸೂಚನೆಯೊಂದಿಗೆ ಅದು ಪ್ರಸಾರವಾಯಿತು. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿದ ಧಾರಾವಾಹಿಗೆ ಆ ಮಾತು ಹೇಳಿಸಿದ್ದು ತಪ್ಪೆಂದು ನಾವು ವಾದಿಸುವುದಿಲ್ಲ. ಆದರೆ ಅಳೆಯುವ ಕೋಲು ಎಲ್ಲರಿಗೂ ಒಂದೇ ಇರಬೇಡವೆ? ಇಂದಿನ ಧಾರಾವಾಹಿಗಳ ಸೂಚನೆ, ಕನ್ನಡಕ ಹುಡುಕುವಷ್ಟರಲ್ಲಿ ಮಾಯವಾಗಿರುತ್ತದೆ.

ಪರದೆಯ ಮೇಲಿನ ಸಡಿಲ ಲೆಕ್ಕ ಬೀದಿಗೂ ಬರುತ್ತದೆ. ಟಿಪ್ಪುವನ್ನು ಕೊಂದವರೆಂದು ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳು 2023ರ ಚುನಾವಣೆಗೆ ಮುಂಚೆ ಸಭೆಗಳಲ್ಲಿ ಮೊಳಗಿದವು. ಸಿನಿಮಾ ಕೂಡ ಘೋಷಣೆಯಾಯಿತು. ಆಧಾರವೆಲ್ಲಿ ಎಂದು ಇತಿಹಾಸಕಾರರು ಕೇಳಿದರು. ಆದಿಚುಂಚನಗಿರಿ ಮಠದ ಸ್ವಾಮೀಜಿಯವರೂ ತಡೆದು ಮಾತಾಡಿದ ಮೇಲೆ ಸಿನಿಮಾ ನಿಂತಿತು. ಒಂದು ಪ್ರಶ್ನೆಗೆ ಎಷ್ಟು ಶಕ್ತಿಯಿದೆ ನೋಡಿ!

ನಿಷೇಧ ನಮ್ಮ ಬೇಡಿಕೆಯಲ್ಲ. ಕತೆ ಬರೆಯುವ ನಾವು ಕಲ್ಪನೆಗೆ ಬೇಲಿ ಹಾಕಿ ಎನ್ನಲಾರೆವು. 2020ರಲ್ಲಿ ಝೀ ಕನ್ನಡದ ‘ಮಹಾನಾಯಕ’ ಅಂಬೇಡ್ಕರರ ಬಾಲ್ಯಕ್ಕೆ ನಮ್ಮನ್ನು ಕರೆದೊಯ್ದಾಗ ಹಳ್ಳಿಹಳ್ಳಿಗಳಲ್ಲಿ ಜನ ಫ್ಲೆಕ್ಸ್ ಕಟ್ಟಿ ಸ್ವಾಗತಿಸಿದ್ದನ್ನು ಕಂಡಿದ್ದೇವೆ. ಹಿಂದಕ್ಕೆ ಹೋಗುವ ಹಸಿವು ಜನರಿಗಿದೆ. ಹಾಗಿದ್ದರೆ ಧೈರ್ಯ ಮಾಡಿ, 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕನ್ನಡದಲ್ಲೇ ಒಂದು ಧಾರಾವಾಹಿ ಮಾಡಿ. ಕಲ್ಪನೆಯೆಂದು ಮೊದಲೇ ಹೇಳಿ, ಲಾಭದ ಜೊತೆಗೆ ನಷ್ಟವನ್ನೂ ತೋರಿಸಿ. ಮೊದಲ ಸಾಲಿನಲ್ಲಿ ಕುಳಿತು ನೋಡುವವರು ನಾವು.

ಉರ್ದುವಿನ ‘ತಿಲಿಸ್ಮೆ ಹೋಶ್‌ರುಬಾ’ ದಾಸ್ತಾನಿನಲ್ಲಿ ಮಾಂತ್ರಿಕರು ಕಟ್ಟಿದ ಮಾಯಾಲೋಕವನ್ನು ಒಡೆಯಲು ‘ಲೌಹ್’ ಎಂಬ ಫಲಕವಿರುತ್ತದೆ. ಎಷ್ಟೇ ದೊಡ್ಡ ಮಾಯೆಯಾದರೂ ಹೊರಬರುವ ದಾರಿ ಅದರಲ್ಲಿ ಬರೆದಿರುತ್ತದೆ. ನಮ್ಮ ವಾಹಿನಿಗಳು ಮಾಯೆ ಕಟ್ಟಲಿ, ಬೇಡವೆಂದವರು ಯಾರು? ಫಲಕವನ್ನು ಮಾತ್ರ ಬಚ್ಚಿಡದಿರಲಿ.