ಗೃಹಧರ್ಮ: ಯಾರೂ ಕೇಳದ ಋಣ



ಸಂಸಾರದಲ್ಲಿ ಎರಡು ಬಗೆಯ ಋಣಗಳಿರುತ್ತವೆ. ಕೊಟ್ಟವರು ಬಾಗಿಲಿಗೆ ಬಂದು ಕೇಳುವ ಋಣ ಒಂದು. ಯಾರೂ ಕೇಳದೆ, ನಮ್ಮ ಮನಸ್ಸಿಗಷ್ಟೇ ಗೊತ್ತಿರುವ ಋಣ ಮತ್ತೊಂದು. ಮೊದಲನೆಯದನ್ನು ತೀರಿಸಲು ಲೋಕದ ಭಯ ಸಾಕು. ಎರಡನೆಯದನ್ನು ತೀರಿಸಲು ಅಂತರಂಗದ ಎಚ್ಚರವೇ ಬೇಕು. ಈ ತಿಂಗಳು ನಮ್ಮ ಕೈಸೇರಿದ ಪತ್ರವೊಂದು ಈ ಎರಡನೆಯ ಬಗೆಯ ಋಣವನ್ನು ಕುರಿತದ್ದು.

ಪತ್ರ ಬರೆದ ಸಹೋದರಿಯ ಪತಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಹೊಸ ಬಡಾವಣೆಯೊಂದರಲ್ಲಿ ಮಹಡಿಯ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದು ಅವರಿಗೆ ಹದಿನಾಲ್ಕು ತಿಂಗಳಾಗಿವೆ. ಮನೆಯ ಒಡತಿ ವಯಸ್ಸಾದ ತಾಯಿ. ಬೇರೆ ಊರಿನಲ್ಲಿ ಮಗಳ ಆಶ್ರಯದಲ್ಲಿದ್ದಾರೆ. ಕರಾರುಪತ್ರದಂತೆ ವಿದ್ಯುತ್ತಿನ ವೆಚ್ಚ ಬಾಡಿಗೆದಾರರದು. ಮಹಡಿಗೆ ಪ್ರತ್ಯೇಕ ಮೀಟರು ಇದೆ, ಅದು ಸರಿಯಾಗಿ ಓಡುತ್ತಲೂ ಇದೆ. ಆದರೆ ಇಂದಿನವರೆಗೆ ಒಂದು ಬಿಲ್ಲೂ ಬಂದಿಲ್ಲ. ಮೀಟರ್ ರೀಡರು ಕೆಳಗಿನ ಮನೆಯ ಅಂಕಿ ತೆಗೆದುಕೊಂಡು ಹೋಗುತ್ತಾನೆ. ಮೇಲಿನದು ತನ್ನ ಪಟ್ಟಿಯಲ್ಲಿಲ್ಲ ಎನ್ನುತ್ತಾನೆ.

‘ನೀವಾಗಿ ಹೋಗಿ ಕೇಳಿದರೆ ಒಮ್ಮೆಲೇ ದೊಡ್ಡ ಮೊತ್ತ ಹೇರುತ್ತಾರೆ, ಸುಮ್ಮನಿರಿ’ ಎಂದು ನೆರೆಯವರ ಬುದ್ಧಿವಾದ. ‘ಎರಡು ವರ್ಷ ಕಳೆದರೆ ಅವರು ಕೇಳುವಂತೆಯೇ ಇಲ್ಲ’ ಎಂದು ಬಂಧುವೊಬ್ಬರ ಕಾನೂನು. ‘ಅಷ್ಟು ಹಣವನ್ನು ಮಠದ ದಾಸೋಹಕ್ಕೆ ಕೊಟ್ಟುಬಿಡೋಣ, ಪುಣ್ಯವಾದರೂ ಬರಲಿ’ ಎಂಬುದು ಪತಿಯ ಸಲಹೆ. ಮಗಳ ಕಾಲೇಜು ಶುಲ್ಕ ಕಟ್ಟಬೇಕಾಗಿರುವ ಈ ಹೊತ್ತಿನಲ್ಲಿ ಯಾರ ಮಾತು ಕೇಳಲಿ ಎಂದು ಸಹೋದರಿ ನಮ್ಮನ್ನು ಕೇಳಿದ್ದಾರೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸೋಣ. ಈ ದಂಪತಿಗಳು ಕಳ್ಳರಲ್ಲ. ತಂತಿಗೆ ಕೊಕ್ಕೆ ಹಾಕುವುದು, ಮೀಟರಿನ ಮುದ್ರೆ ಒಡೆಯುವುದು 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನಂತೆ ಅಪರಾಧ. ಇಲ್ಲಿ ಅಂಥದೇನೂ ನಡೆದಿಲ್ಲ. ಬಿಲ್ಲು ಬಾರದಿರುವುದು ಅವರ ತಪ್ಪಲ್ಲ. ಆದರೆ ತಿಳಿದೂ ಸುಮ್ಮನಿರುವುದು ದಿನ ಕಳೆದಂತೆ ಅವರದೇ ಆಗುತ್ತದೆ.

ಎರಡು ವರ್ಷದ ಮಾತಿಗೆ ಬರೋಣ. ಅದೇ ಕಾಯ್ದೆಯ 56ನೆಯ ಕಲಮಿನಲ್ಲಿ ಎರಡು ವರ್ಷದ ಅವಧಿಯ ಪ್ರಸ್ತಾಪ ಇರುವುದು ನಿಜ. ಆದರೆ ಹಣ ಬಾಕಿಯಾಗುವುದು ಬಿಲ್ಲು ಕೊಟ್ಟ ದಿನದಿಂದ, ಬಳಸಿದ ದಿನದಿಂದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಅವಧಿ ಮೀರಿದ ಮೇಲೆ ಸಂಪರ್ಕ ಕಡಿಯುವಂತಿಲ್ಲವಾದರೂ, ತಪ್ಪು ಬೆಳಕಿಗೆ ಬಂದಾಗ ಹಣ ಕೇಳುವ ಹಕ್ಕು ಉಳಿಯುತ್ತದೆ ಎಂದೂ ಅದು ಹೇಳಿದೆ. ಆದ್ದರಿಂದ ಕಾಲವು ಈ ಸಾಲವನ್ನು ತಾನಾಗಿ ಅಳಿಸುವುದಿಲ್ಲ; ಬೆಳೆಸುತ್ತದೆ.

ಇನ್ನೊಂದು ಸಂಗತಿಯನ್ನು ನೆರೆಯವರು ಯೋಚಿಸಿದಂತಿಲ್ಲ. ಸಂಪರ್ಕ ಇರುವುದು ಮನೆಯೊಡತಿಯ ಹೆಸರಿನಲ್ಲಿ. ನಾಳೆ ಈ ಸಂಸಾರ ಮನೆ ಬಿಟ್ಟುಹೋದ ಮೇಲೆ ಲೆಕ್ಕ ಹೊರಬಿದ್ದರೆ ನೋಟೀಸು ಹೋಗುವುದು ಯಾರಿಗೆ? ಬಾಡಿಗೆಯನ್ನೇ ನಂಬಿ ಬದುಕುವ ಆ ವೃದ್ಧ ತಾಯಿಗೆ. ‘ಸರ್ಕಾರದ ಕಂಪನಿಗೆ ತಾನೆ ನಷ್ಟ’ ಎಂಬ ಮಾತೂ ನಿಲ್ಲುವುದಿಲ್ಲ. ವಿದ್ಯುತ್ ದರವನ್ನು ನಿಯಂತ್ರಣ ಆಯೋಗ ಗೊತ್ತುಮಾಡುವಾಗ ವಿತರಣೆಯಲ್ಲಾಗುವ ನಷ್ಟದ ಒಂದು ಪಾಲು ದರದಲ್ಲಿಯೇ ಸೇರುತ್ತದೆ. ನಾವು ಕಟ್ಟದೆ ಉಳಿಸಿದ್ದನ್ನು ಹೆಸರೇ ತಿಳಿಯದ ಇನ್ನೊಂದು ಮನೆಯವರು ಕಟ್ಟುತ್ತಾರೆ.

ಇನ್ನು ಪತಿಯ ಸಲಹೆ. ಇದರಲ್ಲಿ ಭಕ್ತಿಯಿದೆ, ಆದ್ದರಿಂದಲೇ ಇದಕ್ಕೆ ಹೆಚ್ಚು ಎಚ್ಚರದಿಂದ ಉತ್ತರ ಹೇಳಬೇಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತೆಗೆದ ಸ್ಥಳದಲ್ಲಿಯೇ ಹಾಕಿ ಬರುವಂತೆ ಹೇಳಿ ಕಳಿಸಿದರು. ಆ ಅಕ್ಕಿಯ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಅದು ಹೋಗಬೇಕಾಗಿದ್ದುದೂ ದಾಸೋಹಕ್ಕೇ. ಆದರೂ ಆ ತಾಯಿ ಬೇಡವೆಂದರು. ಕಾಯಕದಿಂದ ಬಂದುದಷ್ಟೇ ದಾಸೋಹಕ್ಕೆ ಸಲ್ಲುತ್ತದೆ, ಮಿಕ್ಕುದು ಆಸೆ ಎಂಬುದು ಅವರ ನಿಲುವು. ಒಬ್ಬರಿಗೆ ಕೊಡಬೇಕಾದುದನ್ನು ಇನ್ನೊಬ್ಬರಿಗೆ ಕೊಟ್ಟರೆ ಋಣ ತೀರುವುದಿಲ್ಲ, ಕೊಡುಗೆಯೂ ಶುದ್ಧವಾಗುವುದಿಲ್ಲ. ಮೊದಲು ಬಾಕಿ ತೀರಲಿ. ಆಮೇಲೆ ದುಡಿಮೆಯಲ್ಲಿ ಉಳಿದ ಒಂದು ಹಿಡಿ ಜೋಳವನ್ನು ಕೊಟ್ಟರೂ ಅದು ಪ್ರಸಾದವಾಗುತ್ತದೆ.

ಆದರೆ ಧರ್ಮ ಹೇಳಿ ದಾರಿ ತೋರಿಸದಿದ್ದರೆ ಅದು ಬರಿಯ ಉಪದೇಶವಾದೀತು. ಸಹೋದರಿಯ ಭಯಕ್ಕೂ ಕಾರಣವಿದೆ. ಆ ಭಯವನ್ನು ಮೊದಲು ಅಳೆದು ನೋಡೋಣ. ಅವರು ಬರೆದಂತೆ ಮೀಟರು ಈವರೆಗೆ ಸುಮಾರು 980 ಯೂನಿಟ್ ತೋರಿಸುತ್ತಿದೆ. ಅಂದರೆ ತಿಂಗಳಿಗೆ 70. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 5,880 ರೂಪಾಯಿ. ಅದರ ಮೇಲೆ ನಿಗದಿತ ಶುಲ್ಕ ಮತ್ತು ತೆರಿಗೆ. ಬಡ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ, ನಿಜ. ಆದರೆ ಮನಸ್ಸು ಕತ್ತಲಲ್ಲಿ ಕಲ್ಪಿಸಿಕೊಂಡ ಭೂತದಷ್ಟು ದೊಡ್ಡದೂ ಅಲ್ಲ.

ಈಗ ಮಾಡಬೇಕಾದುದು ಇಷ್ಟು. ಮೀಟರಿನ ಸಂಖ್ಯೆಯನ್ನೂ ಇಂದಿನ ಅಂಕಿಯನ್ನೂ ದಿನಾಂಕ ಸಹಿತ ಬರೆದಿಟ್ಟು ಒಂದು ಛಾಯಾಚಿತ್ರ ತೆಗೆದಿಡಿ. ಮನೆಗೆ ಬಂದ ದಿನದ ಅಂಕಿ ಗೊತ್ತಿದ್ದರೆ ಅದನ್ನೂ ನಮೂದಿಸಿ. ಹಿಂದಿನವರ ಬಳಕೆ ನಿಮ್ಮ ತಲೆಗೆ ಬರಬಾರದು. ಅನಂತರ ಮನೆಯೊಡತಿಗೆ ವಿಷಯ ತಿಳಿಸಿ. ಅವರಿಗೆ ಹೇಳದೆ ಕಚೇರಿಗೆ ಹೋಗುವುದು ಸೌಜನ್ಯವಲ್ಲ. ‘ಅಮ್ಮಾ, ಈ ಬಾಕಿ ನಮ್ಮದು, ನಾವೇ ಕಟ್ಟುತ್ತೇವೆ. ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಒಪ್ಪಿಗೆ ಬೇಕು’ ಎಂದು ಹೇಳಿದರೆ ಬೇಸರಪಡುವ ತಾಯಿ ವಿರಳ. ಬಳಿಕ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಜೋಪಾನವಾಗಿಡಿ. ಹಣವನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಬೇಕೆಂದು ಅದೇ ಅರ್ಜಿಯಲ್ಲಿ ಕೋರಿ. ತಾವಾಗಿ ಬಂದು ಹೇಳಿದವರ ಕೋರಿಕೆಗೆ ಸಿಕ್ಕಿಬಿದ್ದವರ ಕೋರಿಕೆಗಿಂತ ಹೆಚ್ಚು ತೂಕವಿರುತ್ತದೆ. ಉತ್ತರ ಬರುವವರೆಗೆ ಪ್ರತಿ ತಿಂಗಳು ಬಳಸಿದ ಯೂನಿಟ್ಟಿನ ಹಣವನ್ನು ಬೇರೆಯಾಗಿ ತೆಗೆದಿಡಿ, ಅದನ್ನು ಮುಟ್ಟಬೇಡಿ.

ಸುಮ್ಮನಿರುವುದರಿಂದ ಆಗುತ್ತಿರುವ ನಷ್ಟವೊಂದನ್ನೂ ಹೇಳಬೇಕು. 2023ರಲ್ಲಿ ಕರ್ನಾಟಕ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ, ತಿಂಗಳಿಗೆ 200 ಯೂನಿಟ್ ಮೀರದ ಗೃಹಬಳಕೆಗೆ ಗೊತ್ತುಪಡಿಸಿದ ಮಿತಿಯಲ್ಲಿ ಉಚಿತ ವಿದ್ಯುತ್ ದೊರೆಯುತ್ತದೆ. ಬಾಡಿಗೆದಾರರೂ ಅದಕ್ಕೆ ಅರ್ಹರು. ಆದರೆ ಲೆಕ್ಕದ ಪುಸ್ತಕದಲ್ಲಿಯೇ ಇಲ್ಲದ ಮೀಟರಿಗೆ ನೋಂದಣಿ ಎಲ್ಲಿಯದು? ಸರ್ಕಾರ ಕೊಡುವ ಶೂನ್ಯ ಬಿಲ್ಲು ಹಕ್ಕು. ಬಾರದೆ ಉಳಿದ ಬಿಲ್ಲು ಋಣ. ಎರಡೂ ಹಣ ಉಳಿಸಿದಂತೆ ಕಂಡರೂ ಒಂದರಲ್ಲಿ ನಿದ್ರೆ ಬರುತ್ತದೆ, ಇನ್ನೊಂದರಲ್ಲಿ ಬಾಗಿಲು ಬಡಿದ ಸದ್ದಿಗೆಲ್ಲ ಎದೆ ಹಾರುತ್ತದೆ. ಹಳೆಯ ಬಾಕಿಗೆ ಈ ಯೋಜನೆ ಅನ್ವಯಿಸುತ್ತದೆಂದು ಮಾತ್ರ ನಂಬಿ ಕೂರಬೇಡಿ. ಮುಂದಿನ ತಿಂಗಳುಗಳಿಗಾದರೂ ದಾರಿ ತೆರೆಯಲಿ.

ಬಾಡಿಗೆ ಮನೆಯಲ್ಲಿರುವ ನಮ್ಮ ಓದುಗ ಕುಟುಂಬಗಳೆಲ್ಲವೂ ಇದರಿಂದ ಒಂದು ಪಾಠ ಕಲಿಯಬಹುದು. ಮನೆಗೆ ಬರುವ ದಿನ ಮತ್ತು ಬಿಡುವ ದಿನ ವಿದ್ಯುತ್ ಹಾಗೂ ನೀರಿನ ಮೀಟರುಗಳ ಅಂಕಿಗಳನ್ನು ಮಾಲೀಕರ ಎದುರಿನಲ್ಲಿ ಬರೆದು ಇಬ್ಬರೂ ರುಜು ಹಾಕಲಿ. ಒಂದು ತಿಂಗಳು ಬಿಲ್ಲು ಬಾರದಿದ್ದರೆ ಎರಡನೆಯ ತಿಂಗಳಲ್ಲೇ ವಿಚಾರಿಸಲಿ. ಮಾಲೀಕರಾದವರೂ ಮನೆ ಕೊಟ್ಟು ಮರೆತುಬಿಡದೆ ವರ್ಷಕ್ಕೊಮ್ಮೆ ಲೆಕ್ಕ ನೋಡಲಿ.

ಸಹೋದರಿ, ಕಾಲೇಜು ಮೆಟ್ಟಿಲು ಹತ್ತಲಿರುವ ನಿಮ್ಮ ಮಗಳು ಈ ಹದಿನಾಲ್ಕು ತಿಂಗಳ ಮನೆಮಾತುಗಳನ್ನೆಲ್ಲ ಕೇಳಿರುತ್ತಾಳೆ. ಕಚೇರಿಗೆ ಹೋಗುವ ದಿನ ಅವಳನ್ನೂ ಜೊತೆಗೆ ಕರೆದೊಯ್ಯಿರಿ. ಅರ್ಜಿಯನ್ನು ಅವಳ ಕೈಯಿಂದಲೇ ಬರೆಸಿರಿ.