ಮರಳುಗಾಡೇನು ಬೀಳುಭೂಮಿಯೆ?

ಬಾಡಿಗೆಯ ಕಾರನ್ನು ತಾವೇ ನಡೆಸುತ್ತ ಆಫ್ರಿಕದ ನಮೀಬ್ ಮರಳುಗಾಡನ್ನು ಸುತ್ತಿ ಬರುವುದು ಈಗ ಉಳ್ಳವರ ಷೋಕಿ. ಸೊಸುಸ್‌ಫ್ಲೇ ಸುತ್ತಲಿನ ಮರಳದಿಬ್ಬಗಳಲ್ಲಿ ಕೆಲವು 300 ಮೀಟರಿಗೂ ಎತ್ತರ, ನೋಡತಕ್ಕವೇ ಸರಿ. ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಆದರೆ ‘ಬರಿಯ ಬಯಲು, ಎಲ್ಲಿ ಓಡಿಸಿದರೇನು?’ ಎಂಬ ಉಡಾಫೆಯನ್ನು ಒಪ್ಪಲಾರೆ. ದಿಬ್ಬದ ಮೇಲಿನ ಜಾಡನ್ನು ಗಾಳಿ ಅಳಿಸೀತು; ಕಡಲ ಕಡೆಯ ಗರಸುಬಯಲಿನಲ್ಲಿ ಗಾಲಿಯ ಗುರುತು ಹತ್ತಾರು ವರ್ಷ ಮಾಸದು. ಮಂಜಿನ ತೇವವನ್ನೇ ನಂಬಿ ಬದುಕುವ ಅಲ್ಲಿನ ಕಲ್ಲುಹೂವು ಒಮ್ಮೆ ನುಗ್ಗಾದರೆ ಮತ್ತೆ ಹಬ್ಬಲು ಬಹುಕಾಲ ಬೇಕು. ನಮ್ಮ ಮುದನಾಳದ ಸೀಮೆಯಲ್ಲಿ ಹಸಿ ಎರೆಹೊಲದ ಮೇಲೆ ಪರರ ಬಂಡಿ ಹಾಯ್ದರೆ ಒಕ್ಕಲಿಗ ಬಾರುಕೋಲು ಹಿಡಿದು ಅಡ್ಡ ನಿಲ್ಲುತ್ತಾನೆ. ಅಡ್ಡ ನಿಲ್ಲುವವರಿಲ್ಲವೆಂದು ಅಲ್ಲಿ ತುಳಿಯಬಹುದೆ? ದಾರಿ ಬಿಡದೆ ಓಡಿಸಿರಿ. ದಿಬ್ಬವನ್ನು ಕಾಲ್ನಡೆಯಲ್ಲೇ ಏರಿರಿ.