ದಪ್ಪಕ್ಷರಕ್ಕೂ ಹೊಟ್ಟೆ ಬೇಕು

ಕಳೆದ ನವೆಂಬರ್‌ನಲ್ಲಿ ಇಲ್ಲಿ ಪುಣೆಯಲ್ಲಿ ನಾವೊಂದಷ್ಟು ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡಿದೆವು. ವೇದಿಕೆ ಹಿಂದೆ ದೊಡ್ಡ ಬ್ಯಾನರ್. ಅದರಲ್ಲಿ 'ವಿದ್ಯಾರ್ಥಿಗಳಿಗೆ ಧನಸಹಾಯ' ಅಂತ ದಪ್ಪಕ್ಷರದಲ್ಲಿ ಬರೆಸಿದ್ದೆವು. ಈಗಷ್ಟೇ ಕನ್ನಡ ಕಲಿಯುತ್ತಿರುವ ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು: "ದನ... ಸಹಾಯ. ತಾತಾ, ಎಲ್ಲರಿಗೂ ಹಸು ಕೊಡ್ತಾರಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಹತ್ತಿರ ಹೋಗಿ ನೋಡಿದರೆ ಮಗು ಓದಿದ್ದೇ ಸರಿ! 'ಧ'ದ ಕೆಳಗಿನ ಪುಟ್ಟ ಸೀಳು ಮಸಿಯಲ್ಲಿ ಮುಚ್ಚಿಹೋಗಿತ್ತು. 'ರ್ಥಿ' ಅನ್ನುವುದಂತೂ ಒಂದು ಕಪ್ಪು ಮುದ್ದೆ.

ಆಗಿದ್ದಿಷ್ಟೇ. ಬ್ಯಾನರ್ ಅಂಗಡಿಯವನು ತೆಳು ಅಕ್ಷರದ ಫಾಂಟ್ ತಗೊಂಡು 'ಬೋಲ್ಡ್' ಗುಂಡಿ ಒತ್ತಿದ್ದ. ಆ ಫಾಂಟಿಗೆ ಪ್ರತ್ಯೇಕ ದಪ್ಪ ರೂಪ ಇಲ್ಲದಿದ್ದರೆ ಕಂಪ್ಯೂಟರ್ ಗೆರೆಗಳಿಗೆಲ್ಲ ಒಂದೇ ಸಮ ಮಸಿ ಬಳಿಯುತ್ತದೆ. ಗೆರೆ ಒಳಗೂ ಉಬ್ಬುತ್ತದೆ, ಹೊರಗೂ ಉಬ್ಬುತ್ತದೆ. ಬಿಳಿ ಜಾಗ ಸಾಯುತ್ತದೆ.

ದಪ್ಪಕ್ಷರ ಅಂದರೆ ಊದಿಸಿದ ತೆಳು ಅಕ್ಷರ ಅಲ್ಲ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಕೂಪರ್ ಬ್ಲ್ಯಾಕ್. ಮೈಕ್ರೋಸಾಫ್ಟ್ ವರ್ಡ್ ಬಳಸಿದವರು ಫಾಂಟ್ ಪಟ್ಟಿಯಲ್ಲಿ ಈ ಹೆಸರು ನೋಡಿರುತ್ತೀರಿ. ಷಿಕಾಗೋದ ಆಸ್ವಾಲ್ಡ್ ಕೂಪರ್ ಬರೆದ ಅಕ್ಷರ, 1922ರಲ್ಲಿ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಂಪನಿ ಹೊರತಂದಿತು. ಜಾಹೀರಾತು, ತಲೆಬರಹಗಳಿಗೆಂದೇ ಮಾಡಿದ್ದು. ಸೆರಿಫ್ ಅಂದರೆ ಇಂಗ್ಲಿಷ್ ಅಕ್ಷರದ ತುದಿಗಳಲ್ಲಿರುವ ಚಾಚು. ಕೂಪರ್ ಅದನ್ನು ಚೂಪಾಗಿ ಬಿಡದೆ ಇಡ್ಲಿ ಅಂಚಿನ ಹಾಗೆ ದುಂಡಗೆ ಮಾಡಿದ. 'ಓ'ದ ಒಳಗಿನ ಬಿಳಿ ತುಸು ವಾಲಿದೆ, ಚಿಕ್ಕದೂ ಹೌದು, ಆದರೆ ಮುಚ್ಚಿಲ್ಲ. ಅಷ್ಟು ಕಪ್ಪಿದ್ದರೂ ದೂರದಿಂದ ಓದಬಹುದು, ಗದರಿಸಿದಂತೆ ಕಾಣುವುದಿಲ್ಲ. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್' ರೆಕಾರ್ಡಿನ ಹೊದಿಕೆಯ ಮೇಲೂ, ಈಜಿಜೆಟ್ ವಿಮಾನಗಳ ಮೇಲೂ ಇರುವುದು ಅದೇ. ಆದರೆ ಮದುವೆ ಕರೆಯೋಲೆಯ ಒಕ್ಕಣೆಯನ್ನೆಲ್ಲ ಅದರಲ್ಲಿ ಅಚ್ಚು ಹಾಕಿಸಿದರೆ ಕಣ್ಣು ಸೋಲುತ್ತದೆ. ಅದು ನಾಲ್ಕು ಪದ ಹೇಳಿ ಸುಮ್ಮನಾಗಬೇಕಾದ ಅಕ್ಷರ.

ನಮ್ಮ ಲಿಪಿಗೆ ಸೆರಿಫ್ ಇಲ್ಲ, ತಲೆಕಟ್ಟಿದೆ. ಆದರೆ ಒಳಗಿನ ಬಿಳಿಯ ಲೆಕ್ಕ ನಮಗೆ ಇನ್ನೂ ಬಿಗಿ. 'ರ'ಕ್ಕೂ 'ಠ'ಕ್ಕೂ ನಡುವೆ ಇರುವುದು ಒಂದು ಚುಕ್ಕೆ. 'ಪ'ಕ್ಕೂ 'ಫ'ಕ್ಕೂ ಒಂದು ಸೀಳು. ಅದರ ಮೇಲೆ ಒತ್ತಕ್ಷರ ಬೇರೆ, ಇರುವ ಚೂರು ಜಾಗದಲ್ಲಿ ಕೂರಬೇಕು. ಹಾಗಾಗಿ ಕನ್ನಡದ ದಪ್ಪಕ್ಷರ ಬರೆಯುವವರು ಅಕ್ಷರವನ್ನು ಅಗಲಿಸಬೇಕು, ಹೊಟ್ಟೆಯನ್ನು ಬಿಡಿಸಬೇಕು, ಒತ್ತನ್ನು ಸ್ವಲ್ಪ ತೆಳುವಾಗಿಡಬೇಕು.

ಮಾಡಿದವರಿಲ್ಲ ಅಂತಲ್ಲ. ಮುಂಬಯಿಯ ಏಕ್ ಟೈಪ್‌ನವರ 'ಬಲೂ ತಮ್ಮ' ಇದೆ. ಗುಂಡು ಗುಂಡಾದ, ಕನ್ನಡಕ್ಕೆಂದೇ ಬರೆದ ಅಕ್ಷರ. ತಮಿಳಿನಲ್ಲಿ ಅದರ ಹೆಸರು 'ಬಲೂ ತಂಬಿ', ಗುಜರಾತಿಯಲ್ಲಿ 'ಬಲೂ ಭಾಯ್'! ಕಾಸಿಲ್ಲದೆ ಸಿಗುತ್ತದೆ. ಪುಣೆಯ ಅಂಗಡಿಯವನಿಗೆ ಕನ್ನಡ ಬರುವುದಿಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ. ಕರಡು ನೋಡಿ 'ಹೂಂ, ಆಯ್ತು' ಅಂದವನು ನಾನೇ.

ಬೆಂಗಳೂರಲ್ಲಾದರೆ ಒಂದು ಬೋರ್ಡ್ ಕೆಟ್ಟರೆ ಪಕ್ಕದಲ್ಲಿ ಹತ್ತು ಇರುತ್ತವೆ. ಇಲ್ಲಿ ನಮ್ಮ ಮಕ್ಕಳಿಗೆ ಮನೆಯಾಚೆ ಕಾಣುವ ಕನ್ನಡ ವರ್ಷಕ್ಕೆ ಒಂದೆರಡು ಬ್ಯಾನರ್, ಅಷ್ಟೇ. ಅವರಿಗೆ ಅದೇ ಕಾಗುಣಿತದ ಪುಸ್ತಕ. ಅದರಲ್ಲಿ ಮಹಾಪ್ರಾಣ ನುಂಗಿಹಾಕಿ, ಆಮೇಲೆ 'ಹುಡುಗರಿಗೆ ಅಲ್ಪಪ್ರಾಣ ಮಹಾಪ್ರಾಣ ಗೊತ್ತಾಗಲ್ಲ' ಅಂತ ಗೊಣಗುವುದು ಯಾವ ನ್ಯಾಯ?

ಮುಂದಿನ ಬ್ಯಾನರಿನ ಕರಡನ್ನು ಮೊದಲು ಮೊಮ್ಮಗಳಿಗೇ ತೋರಿಸುವುದು ಅಂತ ತೀರ್ಮಾನಿಸಿದ್ದೇನೆ. ಅವಳು ಸರಿಯಾಗಿ ಓದಿದರೆ ಮಾತ್ರ ಅಚ್ಚಿಗೆ. ನಿಮ್ಮೂರಲ್ಲೂ ಇಂಥ ಒಬ್ಬ ಪರೀಕ್ಷಕರು ಇರಬೇಕಲ್ಲ?